ಅಟ್ಟಿಕಾದ ಗಡಿ ದಾಟಿದ ಪೆಟ್ಟಿಗೆ

ನಮ್ಮ ಸಿಸ್ಟಮ್ ಪ್ರಕಾರ ಆ ಪೆಟ್ಟಿಗೆ ರೋಗಿಯ ಮನೆ ಬಾಗಿಲಿಗೆ ತಲುಪಿ ಆಗಿತ್ತು. ನಿಜದಲ್ಲಿ ಅದು ಅಥೆನ್ಸ್ ಪಕ್ಕದ ಪಿರೇಯಸ್ ಬಂದರಿನಲ್ಲಿ, ಹೊರಡದ ಹಡಗಿನ ಮುಂದೆ ನಿಂತ ಬಿಳಿ ವ್ಯಾನಿನೊಳಗೆ ಇತ್ತು. ಅಲ್ಲಿಂದ ಒಂದು ಸಾಗರದಾಚೆ, ನಾನಿರುವ ಕಡೆ, ಹಿಂದಿನ ದಿನದಿಂದ ಹಿಮ ಬಿದ್ದು ಆಮ್‌ವೆಲ್ ರೋಡ್ ಕೆಸರಾಗಿತ್ತು. ಹಿಲ್ಸ್‌ಬರೋದಿಂದ ಸಮರ್‌ಸೆಟ್‌ನ ಆಫೀಸಿಗೆ ಕಾರನ್ನು ಆಮೆಯ ಹಾಗೆ ಓಡಿಸಿಕೊಂಡು ಬಂದು, ಕೋಟು ಕೂಡ ತೆಗೆಯದೆ ಸ್ಕ್ರೀನ್ ನೋಡಿದೆ. ರೋಗಿಯ ನಂಬರಿನ ಪಕ್ಕದಲ್ಲಿ, ತಲುಪಿದೆ ಎನ್ನುವ ಹಸಿರು ಬಣ್ಣವಿತ್ತು. ಆ ಹೊತ್ತಿಗೇ ಅಥೆನ್ಸ್‌ನಲ್ಲಿ ನಮ್ಮ ಔಷಧದ ಡಿಪೋ ನೋಡಿಕೊಳ್ಳುವವಳ ಫೋನ್ ಬಂತು.

"ನಿಮ್ಮ ಹಸಿರು ಬಣ್ಣ ಸುಳ್ಳು," ಅಂದಳು. "ಗಾಳಿ ಜೋರಾಗಿದೆ. ಕರಾವಳಿ ಕಾವಲಿನವರು ಹಡಗು ಬಿಡೋದನ್ನ ನಿಷೇಧಿಸಿದ್ದಾರೆ. ಡ್ರೈವರ್ ಬಂದರಿನಲ್ಲೇ ಕೂತಿದ್ದಾನೆ."

ನಮ್ಮದು ಔಷಧ ಸಾಗಿಸುವ ಕೆಲಸ. ಇನ್ನೂ ಪರೀಕ್ಷೆಯ ಹಂತದಲ್ಲಿರುವ, ಯಾವ ಅಂಗಡಿಯಲ್ಲೂ ಸಿಗದ ಔಷಧಗಳನ್ನು ಒಂದೊಂದು ದೇಶದ ಡಿಪೋದಿಂದ ರೋಗಿಯ ಮನೆಗೆ, ತಣ್ಣಗೆ ಇಟ್ಟುಕೊಂಡೇ ಮುಟ್ಟಿಸಬೇಕು. ಹೆಚ್ಚು ಬೆಚ್ಚಗಾದರೂ ಕೆಡುತ್ತದೆ, ಹೆಪ್ಪುಗಟ್ಟಿದರೂ ಕೆಡುತ್ತದೆ. ಪೆಟ್ಟಿಗೆಯೊಳಗೆ ಜೆಲ್ ತುಂಬಿದ ತಣ್ಣನೆಯ ಚೀಲಗಳು, ಉಷ್ಣತೆ ಬರೆದುಕೊಂಡು ನಮಗೆ ಕಳಿಸುವ ಒಂದು ಪುಟ್ಟ ಯಂತ್ರ, ಮಧ್ಯದಲ್ಲಿ ಒಂದೇ ಒಂದು ಸಿರಿಂಜ್. ರೋಗಿಯ ಹೆಸರು ನಮಗೆ ಗೊತ್ತಿರುವುದಿಲ್ಲ, ಗೊತ್ತಿರಬಾರದು. ಈ ರೋಗಿಯ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟು: ಆಕೆ ಹೆಂಗಸು, ಕಿಥಿರಾ ಎಂಬ ದ್ವೀಪದಲ್ಲಿದ್ದಾಳೆ, ಸ್ನಾಯುಗಳ ಬಲ ಹೋಗುತ್ತಾ ಬರುವ ಕಾಯಿಲೆ, ಹಿಂದಿನ ಡೋಸ್ ಆಕೆಗೆ ತಲುಪಿರಲಿಲ್ಲ. ಆಗಲೂ ಇದೇ ಗಾಳಿ, ಇದೇ ಬಂದರು. ಎರಡು ಡೋಸ್ ಒಂದರ ಹಿಂದೊಂದು ತಪ್ಪಿದರೆ ರೋಗಿಯನ್ನು ಪರೀಕ್ಷೆಯಿಂದ ಕೈಬಿಡುತ್ತಾರೆ, ಮತ್ತೆ ಸೇರಿಸಿಕೊಳ್ಳುವುದಿಲ್ಲ. ಈ ಡೋಸ್‌ಗೆ ಮರುದಿನದ ಸಂಜೆಯೇ ಕೊನೆ.

ಕಿಥಿರಾ ಎಲ್ಲಿದೆ ಎಂದು ನಾನು ಸರಿಯಾಗಿ ಭೂಪಟ ತೆಗೆದು ನೋಡಿದ್ದು ಆ ದಿನವೇ. ನೋಡಿದ ಮೇಲೆ ತಲೆ ಕೆಟ್ಟುಹೋಯಿತು.

ನಮ್ಮ ಸಿಸ್ಟಮ್‌ನಲ್ಲಿ ಅಟ್ಟಿಕಾ ಅಂದರೆ ಒಂದೇ ಜೋನ್. ಅಥೆನ್ಸ್ ಇರುವ ರಾಜಧಾನಿ ಪ್ರದೇಶ, ರಸ್ತೆಯ ಮೇಲೆ ಒಂದೇ ದಿನದ ದಾರಿ, ಚಿಕ್ಕ ಪೆಟ್ಟಿಗೆ ಸಾಕು, ದಿನ ಕಳೆದರೆ ತಲುಪಿತೆಂದು ತಾನೇ ಹಸಿರು ತೋರಿಸುತ್ತದೆ. ಅದು ಹಾಗಾದದ್ದು ಹೇಗೆಂದು ಆಫೀಸಿನಲ್ಲಿ ಎಲ್ಲರಿಗೂ ಗೊತ್ತು. ಜೋನ್ ಮಾಡುವ ಮೀಟಿಂಗಿನಲ್ಲಿ ಕೂತವರಲ್ಲಿ ಹೆಚ್ಚಿನವರು ನಮ್ಮ ಕನ್ನಡದವರೇ. ಮೈಸೂರು ಕಡೆಯ, ನಮ್ಮ ತಂಡದ ಲೀಡ್ ಬಿಳಿ ಹಲಗೆಯ ಮುಂದೆ ನಿಂತು, "ಕ್ಯಾಪಿಟಲ್ ರೀಜನ್ ಅಂದ್ರೆ ನಮ್ ಬೆಂಗಳೂರು ಅರ್ಬನ್ ಥರ ಕಣ್ರೀ. ಯಲಹಂಕದಿಂದ ಆನೇಕಲ್. ಟ್ರಾಫಿಕ್ ಒಂದೇ ಪ್ರಾಬ್ಲಮ್. ಒಂದ್ ಜೋನ್ ಸಾಕು" ಅಂದರಂತೆ. ಎಲ್ಲರೂ ಹೌದಲ್ಲ ಅಂದರು. ಆ ಮೀಟಿಂಗಿನಲ್ಲಿ ನಾನಿರಲಿಲ್ಲ, ಇದ್ದಿದ್ದರೂ ತಲೆಯಾಡಿಸುತ್ತಿದ್ದೆ. ನಮ್ಮ ರಾಜಧಾನಿಗೆ ಸಮುದ್ರವಿಲ್ಲ. ರಾಜಧಾನಿಯ ಜಿಲ್ಲೆಗೆ ಹೋಗಲು ಹಡಗು ಬೇಕಾಗಬಹುದು ಎಂಬ ಯೋಚನೆ ನಮ್ಮ ಯಾರ ತಲೆಗೂ ಬರುವಂಥದ್ದಲ್ಲ.

ಅಟ್ಟಿಕಾವನ್ನು ಎಂಟು ಘಟಕಗಳಾಗಿ ಹಂಚಿದ್ದಾರೆ. ಅಥೆನ್ಸ್ ನಗರವೇ ನಾಲ್ಕು ಘಟಕ. ಪಿರೇಯಸ್ ಒಂದು, ದೇಶದ ಹಡಗು ವ್ಯಾಪಾರದ ಹೆಬ್ಬಾಗಿಲು. ಪೂರ್ವಕ್ಕೆ ವಿಮಾನ ನಿಲ್ದಾಣ, ದ್ರಾಕ್ಷಿ ತೋಟಗಳು. ಪಶ್ಚಿಮಕ್ಕೆ ತೈಲ ಶುದ್ಧೀಕರಿಸುವ ಕಾರ್ಖಾನೆಗಳು, ಗೋದಾಮುಗಳು. ನಮ್ಮ ಡಿಪೋ ಇರುವ ಆಸ್ಪ್ರೊಪಿರ್ಗೊಸ್ ಅಲ್ಲೇ. ಎಂಟನೆಯದು ದ್ವೀಪಗಳ ಘಟಕ. ಅದರಲ್ಲಿ ಸಲಾಮಿನಾ ಎಂಬ ದ್ವೀಪ ಪಿರೇಯಸ್‌ನಿಂದ ಕೂಗಿದರೆ ಕೇಳುವಷ್ಟು ಹತ್ತಿರ. ಹೈಡ್ರಾ ಎಂಬಲ್ಲಿ ಕಾರನ್ನೇ ಬಿಡುವುದಿಲ್ಲ, ಸಾಮಾನು ಹೇಸರಗತ್ತೆಯ ಮೇಲೆ ಹೋಗುತ್ತದೆ. ನಮ್ಮ ಸಿಸ್ಟಮ್ ಅಲ್ಲಿಗೂ ವ್ಯಾನ್ ಬರೆದುಕೊಂಡು ಕೂತಿತ್ತು. ಇನ್ನು ಕಿಥಿರಾ ಇರುವುದು ಪೆಲೊಪೊನೀಸ್ ಎಂಬ ದೊಡ್ಡ ಪರ್ಯಾಯದ್ವೀಪದ ದಕ್ಷಿಣದ ತುದಿಯ ಆಚೆ, ಸಮುದ್ರದ ಮಧ್ಯೆ. ಆಳ್ವಿಕೆ ಮಾತ್ರ ರಾಜಧಾನಿಯದು. ಅಲ್ಲಿಯ ಜನ ಓಟು ಹಾಕುವುದು ಅಟ್ಟಿಕಾದ ಗವರ್ನರಿಗೆ. ಬೀದರಿನ ಆಚೆಯ ಹಳ್ಳಿಯೊಂದನ್ನು ಬೆಂಗಳೂರು ನಗರ ಜಿಲ್ಲೆಗೆ ಬರೆದುಕೊಟ್ಟ ಹಾಗೆ.

ಡಿಪೋದವಳಿಗೆ ವಿಮಾನ ನೋಡು ಅಂದೆ. ಆಕೆ ಆಗಲೇ ನೋಡಿದ್ದಳು. ದ್ವೀಪಕ್ಕೆ ಹೋಗುವ ಚಿಕ್ಕ ವಿಮಾನವನ್ನು ಅದೇ ಗಾಳಿಗೆ ರದ್ದು ಮಾಡಿದ್ದರು. ನಿಯಮದ ಪ್ರಕಾರ ಈಗ ಪೆಟ್ಟಿಗೆಯನ್ನು ಡಿಪೋಗೆ ವಾಪಸ್ ತರಿಸಿ, ಡೋಸ್ ತಪ್ಪಿದೆ ಎಂದು ದಾಖಲಿಸಬೇಕು.

"ವಾಪಸ್ ಕರೆಸಲಾ?" ಎಂದು ಕೇಳಿದಳು.

"ಸ್ವಲ್ಪ ತಡಿ," ಅಂದೆ. ತಡೆದು ಏನು ಮಾಡುತ್ತೇನೆ ಎಂದು ನನಗೇ ಗೊತ್ತಿರಲಿಲ್ಲ.

ದ್ವೀಪದ ನರ್ಸಿಗೆ ಫೋನ್ ಮಾಡಿದೆ. ರೋಗಿಯ ಮನೆಗೆ ಹೋಗಿ ಇಂಜೆಕ್ಷನ್ ಕೊಡುವವಳು ಆಕೆ. ಇಂಗ್ಲಿಷ್ ಚೆನ್ನಾಗಿ ಬರುತ್ತದೆ, ಆದರೆ ಸುತ್ತಿ ಬಳಸಿ ಮಾತಾಡುವುದಿಲ್ಲ. ಹಿಂದಿನ ಡೋಸ್ ತಪ್ಪಿದ ಮೇಲೆ ರೋಗಿ ಹೇಗಿದ್ದಾಳೆ ಎಂದೆ.

"ಮೇಜು ಹಿಡ್ಕೊಂಡು ಏಳ್ತಾಳೆ. ಅದಕ್ಕೂ ಮುಂಚೆ ಜೇನುಪೆಟ್ಟಿಗೆ ನೋಡೋಕೆ ಗುಡ್ಡ ಹತ್ತುತ್ತಿದ್ದಳು. ಈ ಔಷಧ ಹೋದ ಬಲ ವಾಪಸ್ ಕೊಡಲ್ಲ, ಇರೋದನ್ನ ಉಳಿಸುತ್ತೆ ಅಷ್ಟೇ. ಈ ಸಲ ಬರಲ್ಲ ಅಂತ ಹೇಳೋಕೆ ಫೋನ್ ಮಾಡಿದ್ರಾ?"

"ಪಿರೇಯಸ್‌ನಿಂದ ಹಡಗು ಬಿಡುತ್ತಿಲ್ಲ."

"ಚಳಿಗಾಲದಲ್ಲಿ ಪಿರೇಯಸ್ ನೆಚ್ಚಿಕೊಂಡವರು ಯಾರು? ಇಲ್ಲಿನವರು ರಸ್ತೆ ಮೇಲೆ ಪೆಲೊಪೊನೀಸ್ ಪೂರ್ತಿ ಇಳಿದು, ತುದಿಯಲ್ಲಿರೋ ನೆಯಾಪೊಲಿಯಿಂದ ಬರ್ತಾರೆ. ಅಲ್ಲಿಂದ ಸಮುದ್ರ ಸ್ವಲ್ಪವೇ. ಗಾಳಿ ಒಂಚೂರು ತಗ್ಗಿದ್ರೂ ಆ ಫೆರಿ ಹೊರಡುತ್ತೆ."

ಡಿಪೋದವಳಿಗೆ ಇದನ್ನು ಹೇಳಿದರೆ ಆಕೆಗೆ ಅದೂ ಗೊತ್ತಿತ್ತು. "ಗೊತ್ತಿದ್ದೂ ಯಾಕೆ ಹೇಳಲಿಲ್ಲ ತಾಯಿ?" ಎಂದು ಕೇಳಿಯೇಬಿಟ್ಟೆ.

"ಹೇಳಿ ಏನು ಪ್ರಯೋಜನ? ನಮ್ಮ ಕಾಂಟ್ರಾಕ್ಟ್ ಅಟ್ಟಿಕಾಗೆ ಮಾತ್ರ. ನೆಯಾಪೊಲಿ ಪೆಲೊಪೊನೀಸ್ ಪ್ರದೇಶದ್ದು, ಬೇರೆ ಗವರ್ನರ್, ಬೇರೆ ಲೆಕ್ಕ. ಅಟ್ಟಿಕಾದಿಂದ ಅಟ್ಟಿಕಾಗೆ ಹೋಗೋಕೆ ಅಟ್ಟಿಕಾ ಬಿಟ್ಟು ಹೋಗಬೇಕು. ಅದಕ್ಕೆ ನಿಮ್ಮ ಕಡೆಯಿಂದ ಬರೆದು ಕೊಡಬೇಕು."

ಲೀಡ್ ಆ ದಿನ ಹಿಮದ ಕಾರಣ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ವಿಡಿಯೋದಲ್ಲಿ ಅವರ ಹಿಂದೆ ಮಗನ ಪಿಯಾನೋ ಪಾಠ ಕೇಳುತ್ತಿತ್ತು. ಎಲ್ಲವನ್ನೂ ಹೇಳಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ಮೇಡಂ, ಅಪ್ರೂವ್ಡ್ ರೂಟ್ ಅಲ್ಲ ಅದು. ಔಷಧ ಕಂಪನಿಯೋರ ಸೈನ್ ಬೇಕು. ಅವರ ಆಫೀಸ್ ಸ್ನೋಗೆ ಕ್ಲೋಸ್ ಆಗಿದೆ, ಈಮೇಲ್ ಹಾಕ್ತೀನಿ, ನೋಡೋಣ."

"ನೋಡೋಣ ಅನ್ನೂ ಅಷ್ಟರಾಗ ಆ ಜೆಲ್ ಚೀಲ ಬೆಚ್ಚಗಾಗ್ತಾವ್ರೀ. ಈಗ ಹೊಂಟ್ರ ನಾಳೆ ಫೆರಿ ಸಿಗತೈತಿ. ಇಲ್ಲಂದ್ರ ಆಕಿ ಮುಗದಂಗ."

"ನಿಮ್ಮ ಫೀಲಿಂಗ್ಸ್ ಅರ್ಥ ಆಗುತ್ತೆ. ಆದ್ರೆ ದಾರೀಲಿ ಟೆಂಪರೇಚರ್ ಹೋಯ್ತು ಅಂದ್ರೆ? ಔಟ್‌ಸೈಡ್ ರೀಜನ್ ಹೋಗಿ ಹಾಳಾಯ್ತು ಅಂತ ಬರೀತಾರೆ. ಗಾಳಿಗೆ ನಿಂತ್ರೆ ಅದು ನಮ್ ತಪ್ಪಲ್ಲ. ನಾವೇ ತಗೊಂಡ್ ಹೋದ್ರೆ ನಮ್ ತಪ್ಪು."

ಸಿಟ್ಟು ಬಂತು. ಆದರೆ ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ, ಅದಕ್ಕೇ ಇನ್ನೂ ಹೆಚ್ಚು ಸಿಟ್ಟು ಬಂತು. ಔಷಧ ಕಂಡುಹಿಡಿದವರು ಕೊಡಿ ಅಂದಿದ್ದಾರೆ, ಸರ್ಕಾರ ಒಪ್ಪಿದೆ, ಅಡ್ಡ ನಿಂತಿದ್ದು ಸಿಸ್ಟಮ್‌ನಲ್ಲಿ ಜೋನ್‌ಗಳನ್ನು ಬರೆದಿಟ್ಟ ನಮ್ಮದೇ ಒಂದು ಟೇಬಲ್. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಅಜ್ಜಿ ಹೇಳುತ್ತಿದ್ದಳು. ಆ ದಿನ ಪೂಜಾರಿಯ ಜಾಗದಲ್ಲಿ ಕೂತವಳು ನಾನೇ. ಪೆಟ್ಟಿಗೆಯನ್ನು ಬಿಡುವ ಬಟನ್ ನನ್ನ ಸ್ಕ್ರೀನ್ ಮೇಲಿತ್ತು.

ಕಾರಣ ಬರೆಯುವ ಜಾಗದಲ್ಲಿ, "ಪಿರೇಯಸ್‌ನಿಂದ ಹಡಗಿಲ್ಲ, ರಸ್ತೆಯ ಮೇಲೆ ನೆಯಾಪೊಲಿಗೆ, ಜವಾಬ್ದಾರಿ ನನ್ನದು" ಎಂದು ಬರೆದು ಒತ್ತಿದೆ. ಡಿಪೋದವಳು ಓದಿ, "ನಿಮಗೆ ಹುಚ್ಚು," ಅಂದಳು. ಅಂದವಳೇ ಡ್ರೈವರಿಗೆ ಹೊರಡಲು ಹೇಳಿದಳು.

ಪಿರೇಯಸ್‌ನಿಂದ ಪೆಲೊಪೊನೀಸ್‌ಗೆ ಹೋಗುವ ರಸ್ತೆ ನಮ್ಮ ಡಿಪೋದ ಪಕ್ಕದಲ್ಲೇ ಹಾಯುತ್ತದೆ. ಅಷ್ಟರ ಮಟ್ಟಿಗೆ ಅದೃಷ್ಟ. ಅಲ್ಲಿ ವ್ಯಾನ್ ನಿಲ್ಲಿಸಿ, ತಣ್ಣನೆಯ ಕೋಣೆಯೊಳಗೇ ಪೆಟ್ಟಿಗೆ ಬಿಚ್ಚಿ, ಹೊಸ ಜೆಲ್ ಚೀಲಗಳನ್ನು ಜೋಡಿಸಿದರು. ಫ್ರೀಜರಿನಿಂದ ನೇರವಾಗಿ ತೆಗೆದು ಇಟ್ಟರೆ ಔಷಧ ಹೆಪ್ಪುಗಟ್ಟುತ್ತದೆ, ಅದಕ್ಕೆ ಚೀಲದ ಮೇಲೆ ಬೆವರು ಮೂಡುವವರೆಗೆ ಕಾಯಬೇಕು. ಕಾಯುವ ಒಂದೊಂದು ಗಳಿಗೆಯೂ ನನಗೆ ಮುಳ್ಳಾಗಿ ಚುಚ್ಚುತ್ತಿತ್ತು. ಎರಡು ದಿನ ತಡೆಯುವ ದೊಡ್ಡ ಪೆಟ್ಟಿಗೆ ಕೊಡಿ ಅಂದೆ. ಡಿಪೋದಲ್ಲಿ ಅಂಥದ್ದೊಂದೂ ಇರಲಿಲ್ಲ. ಅಟ್ಟಿಕಾಗೆ ಚಿಕ್ಕ ಪೆಟ್ಟಿಗೆ ಸಾಕೆಂದು ನಮ್ಮ ಟೇಬಲ್ಲೇ ಹೇಳಿತ್ತಲ್ಲ.

ವ್ಯಾನ್ ಹೊರಟಿತು. ಎಡಕ್ಕೆ ಸಮುದ್ರ, ಬಲಕ್ಕೆ ಬೆಟ್ಟ. ಭೂಪಟದ ಮೇಲೆ ಅದು ಒಂದು ನೀಲಿ ಚುಕ್ಕೆ. ಪೆಲೊಪೊನೀಸ್‌ನ ಹೊಸ್ತಿಲಲ್ಲಿರುವ ಕೊರಿಂತ್ ಕಾಲುವೆ ಇನ್ನೂ ಬಂದಿರಲಿಲ್ಲ, ಚುಕ್ಕೆ ಅಟ್ಟಿಕಾದ ಗೆರೆ ದಾಟಿತು. ದಾಟಿದ್ದೇ ತಡ, ನನ್ನ ಸ್ಕ್ರೀನ್ ಕೆಂಪಾಯಿತು, ಲೀಡ್ ಸ್ಕ್ರೀನೂ ಕೆಂಪಾಯಿತು, ಔಷಧ ಕಂಪನಿಯವರಿಗೂ ತಾನಾಗಿ ಎಚ್ಚರಿಕೆಯ ಈಮೇಲ್ ಹೋಯಿತು. ಬೆಳಗ್ಗೆಯಿಂದ ಪೆಟ್ಟಿಗೆ ಬಂದರಿನಲ್ಲಿ ಕೊಳೆಯುತ್ತಿದ್ದಾಗ ಹಸಿರು ತೋರಿಸಿದ ಸಿಸ್ಟಮ್, ರೋಗಿಯ ಕಡೆ ನಿಜವಾಗಿ ಹೊರಟ ಕೂಡಲೇ ಕೂಗಿಕೊಂಡಿತು.

ಲೀಡ್ ಫೋನ್ ಮಾಡಿದರು. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. "ಏನ್ ಮೇಡಂ ಇದು," ಅಂದರು. ಆಮೇಲೆ, "ಹೋಗಿದ್ದು ಹೋಯ್ತು. ಟೆಂಪರೇಚರ್ ನೋಡ್ತಾ ಇರಿ," ಅಂದರು.

ಮನೆಗೆ ಬಂದ ಮೇಲೂ ಫೋನನ್ನು ಕೈಯಿಂದ ಬಿಡಲಿಲ್ಲ. ರೊಟ್ಟಿ ತಟ್ಟುವಾಗ ಅದನ್ನು ಹಿಟ್ಟಿನ ಡಬ್ಬಕ್ಕೆ ಆನಿಸಿ ನಿಲ್ಲಿಸಿದ್ದೆ. ನೀಲಿ ಚುಕ್ಕೆ ಪೆಲೊಪೊನೀಸ್‌ನೊಳಗಿನ ಟ್ರಿಪೋಲಿ ಊರು ದಾಟಿ, ಸ್ಪಾರ್ಟಾ ದಾಟಿ, ಕೊನೆಗೆ ನೆಯಾಪೊಲಿಯ ದಂಡೆಯ ಮೇಲೆ ನಿಂತುಬಿಟ್ಟಿತು. ಅಲ್ಲೂ ಗಾಳಿ. ಫೆರಿ ಕಟ್ಟಿಹಾಕಿದ್ದರು. ಬೆಳಗಾಗಲಿ ನೋಡೋಣ ಅಂದರಂತೆ. ಡ್ರೈವರ್ ವ್ಯಾನಿನಲ್ಲೇ ಮಲಗುತ್ತೇನೆಂದು ಹೇಳಿ ಕಳಿಸಿದ. ಉಷ್ಣತೆಯ ಗೆರೆ ಒಂದೊಂದೇ ಕೂದಲೆಳೆಯಷ್ಟು ಮೇಲೇರುತ್ತಿತ್ತು.

ಮಗಳು ನನ್ನ ಮುಖ ನೋಡಿ, "ಅಮ್ಮಾ, ಆರ್ ಯೂ ಇನ್ ಟ್ರಬಲ್?" ಎಂದಳು. ಹೌದು ಅಂದೆ. "ವಿಲ್ ದೆ ಫೈರ್ ಯೂ?" ಎಂದಳು. ಅದು ಗೊತ್ತಿಲ್ಲ ಅಂದೆ.

ನನ್ನ ಯಜಮಾನರು ಬಾಗಲಕೋಟೆಯವರು, ಯಾವುದಕ್ಕೂ ಬಿಸಿಯಾಗುವ ಆಳಲ್ಲ. ತಾಟು ಮುಂದೆ ಸರಿಸಿ, "ಮೊದ್ಲ ಉಣ್ಣು. ನೀ ಉಪಾಸ ಇದ್ರ ಅಲ್ಲಿ ಗಾಳಿ ನಿಲ್ಲೂದಿಲ್ಲ" ಅಂದರು. ಉಂಡೆ. ಏನು ಉಂಡೆನೋ ನೆನಪಿಲ್ಲ. ಹೋದ ಸಲ ಡೋಸ್ ತಪ್ಪಿದಾಗ ನಾನು ಅದನ್ನು ದಾಖಲಿಸಿ, ವಾರದ ಕೊನೆಗೆ ನಮ್ಮವರ ಅಂಗಡಿಗಳಿರುವ ಐಸೆಲಿನ್‌ಗೆ ಹೋಗಿ ಸೀರೆ ನೋಡಿ ಬಂದಿದ್ದೆ. ಆಗಲೂ ಅಲ್ಲಿ ಒಬ್ಬ ಹೆಂಗಸು ಮೇಜು ಹಿಡಿದು ಏಳುತ್ತಿದ್ದಳು.

ಬೆಳಗಿನ ಜಾವ ಎದ್ದು ನೋಡಿದಾಗ ಅಲ್ಲಿ ಮಧ್ಯಾಹ್ನವಾಗಿತ್ತು. ಗೆರೆ ಮಿತಿಯ ಹತ್ತಿರಕ್ಕೆ ಬಂದಿತ್ತು. ಚುಕ್ಕೆ ಮಾತ್ರ ದಂಡೆಯ ಮೇಲಿರಲಿಲ್ಲ, ನೀರಿನ ಮೇಲಿತ್ತು. ಮೊದಲು ಭೂಪಟ ಕೆಟ್ಟಿದೆ ಅಂದುಕೊಂಡೆ. ಚುಕ್ಕೆ ಜರುಗಿತು. ಕತ್ತಲ ಅಡುಗೆಮನೆಯಲ್ಲಿ ಒಬ್ಬಳೇ ನಿಂತು, "ಹೋಗು, ಹೋಗು ನನ್ನಪ್ಪಾ" ಎಂದು ಫೋನಿಗೆ ಹೇಳುತ್ತಿದ್ದೆ.

ನರ್ಸ್ ದ್ವೀಪದ ಬಂದರಿನಲ್ಲಿ ಕಾಯುತ್ತಿದ್ದಳು. ಮನೆಗೆ ಒಯ್ಯುವಷ್ಟು ಹೊತ್ತು ಇಲ್ಲವೆಂದು ರೋಗಿಯನ್ನೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದಳು. ಪೆಟ್ಟಿಗೆ ಬಿಚ್ಚಿ, ಪುಟ್ಟ ಯಂತ್ರದ ಫೋಟೋ ಕಳಿಸಿದಳು. ಮಿತಿಯ ಒಳಗೇ ಇತ್ತು, ಅಂಚಿನಲ್ಲಿ. ನಂತರ ಒಂದೇ ಸಾಲು ಬಂತು: "ಕೊಟ್ಟಾಯಿತು, ಕಾರಿನ ಸೀಟಿನಲ್ಲೇ." ನಾನು ಸಿಂಕ್‌ನ ಮುಂದೆ ಕೂತು ಅತ್ತೆ. ಮಗಳು ಎದ್ದು ಬಂದು, ಕೆಲಸ ಹೋಯಿತೆಂದು ತಿಳಿದು, ನನ್ನ ಬೆನ್ನು ಸವರಿದಳು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇದನ್ನು ಖುಷಿಯಿಂದ ಬರೆಯುತ್ತಿದ್ದೆ.

ಮರುವಾರ ವಿಚಾರಣೆಯ ಮೀಟಿಂಗ್ ಇಟ್ಟರು. ಔಷಧ ಕಂಪನಿಯವರು ವಿಡಿಯೋದಲ್ಲಿದ್ದರು. ಯಾರೂ ಗದರಲಿಲ್ಲ. ರೋಗಿಯ ಹಿತ ಕಾಯ್ದಿರಿ ಎಂದು ನನ್ನನ್ನು ಹೊಗಳಿದರು ಕೂಡ. ಆಮೇಲೆ ವ್ಯಾನ್ ಹೋದ ದಾರಿಯನ್ನು ಪರದೆಯ ಮೇಲೆ ಹಾಕಿ, ಉಷ್ಣತೆಯ ಗೆರೆ ಹಾಕಿ, ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇದು ಪ್ರತಿ ಸಲ ಮಾಡುವ ಕೆಲಸವಲ್ಲ ಅಂದರು. ತೀರ್ಮಾನ ಬಂತು: ಅಟ್ಟಿಕಾದ ದ್ವೀಪಗಳ ಘಟಕಕ್ಕೆ ಇನ್ನು ಮನೆಗೆ ಔಷಧ ಕಳಿಸುವುದಿಲ್ಲ. ಅಲ್ಲಿಯ ರೋಗಿಗಳು ಪ್ರತಿ ಡೋಸ್‌ಗೂ ಅಥೆನ್ಸ್‌ನ ಆಸ್ಪತ್ರೆಗೆ ತಾವೇ ಬರಬಹುದು.

"ಸಲಾಮಿನಾಕ್ಕೆ ದಿನವಿಡೀ ದೋಣಿ ಇವೆ, ಅದನ್ನೂ ಯಾಕೆ ಸೇರಿಸಿದಿರಿ?" ಎಂದೆ. ಎಲ್ಲ ದ್ವೀಪಗಳಿಗೂ ಸರ್ಕಾರದ ಕೋಡ್ ಒಂದೇ, ಒಂದು ಕೋಡ್‌ಗೆ ಒಂದು ನಿಯಮ ಅಂದರು. "ಕಿಥಿರಾಕ್ಕೆ ನೆಯಾಪೊಲಿ ದಾರಿಯನ್ನೇ ಒಪ್ಪಿಕೊಳ್ಳಿ, ದೊಡ್ಡ ಪೆಟ್ಟಿಗೆ ಕೊಡಿ, ಒಂದು ದಿನ ಮುಂಚೆ ಹೊರಡಿಸೋಣ" ಎಂದೆ. ಬರೆದುಕೊಂಡರು. ಬರೆದುಕೊಂಡಿದ್ದನ್ನು ಆಮೇಲೆ ಯಾರೂ ತೆಗೆದು ನೋಡಲಿಲ್ಲ. ನೆಗಡಿ ಬಂತೆಂದು ಮೂಗನ್ನೇ ಕೊಯ್ದು, ಈಗ ಉಸಿರಾಟ ಸರಾಗ ಅಂದ ಹಾಗಿತ್ತು.

ಮೀಟಿಂಗ್ ಮುಗಿದ ಮೇಲೆ ಲೀಡ್ ನನ್ನ ಮೇಜಿನ ಹತ್ತಿರ ಬಂದು ನಿಂತರು. "ನಾನೂ ಆರ್ಗ್ಯೂ ಮಾಡ್ದೆ ಮೇಡಂ, ನೀವೇ ನೋಡಿದ್ರಲ್ಲ," ಅಂದರು. ಮಾಡಿದ್ದರು, ನಿಜ. ಆಮೇಲೆ, "ಬೇಜಾರ್ ಮಾಡ್ಕೋಬೇಡಿ. ನೀವು ಗಾಡಿ ಕಳ್ಸಿದ್ದಕ್ಕೇ ಅವರಿಗೆ ಗೊತ್ತಾಗಿದ್ದು, ಅದು ಎಷ್ಟ್ ದೂರ ಅಂತ. ಇಲ್ದಿದ್ರೆ ಇನ್ನೂ ಒಂದೇ ಜೋನ್ ಅಂದ್ಕೊಂಡೇ ಇರ್ತಿದ್ರು," ಅಂದರು.

"ಹಂಗಾದ್ರ ನಾನ ಆಕೀನ ಕೆಡಿಸಿದ್ಹಂಗಾತಲ್ರೀ," ಅಂದೆ. ಆ ಮಧ್ಯಾಹ್ನ ಟೇಬಲ್ ತಿದ್ದಿದವರು ಅವರೇ. ಎಲ್ಲ ಬಣ್ಣಗಳೂ ಹಸಿರಾದವು.

ನರ್ಸಿಗೆ ಈಮೇಲ್ ಹೋಗುತ್ತದೆ, ನೀವು ಫೋನ್ ಮಾಡಬೇಕಿಲ್ಲ ಅಂದಿದ್ದರು. ನಾನು ಮರುದಿನ ಬೆಳಗ್ಗೆ ಮಾಡಿದೆ. ಆಕೆ ರೋಗಿಯ ಮನೆಯಲ್ಲೇ ಇದ್ದಳು. ಈಮೇಲ್ ಇನ್ನೂ ನೋಡಿರಲಿಲ್ಲ. ನಾನೇ ಹೇಳಿದೆ. ಒಂದೇ ಉಸಿರಿಗೆ, ಮಧ್ಯೆ ನಿಲ್ಲಿಸದೆ.

"ಪೆಟ್ಟಿಗೆಗೇ ದಾಟೋಕಾಗದ ಸಮುದ್ರ ಇವಳು ದಾಟಬೇಕಾ?" ಅಂದಳು. ಹೌದು ಅಂದೆ. ಆಕೆ ಫೋನ್ ಸ್ವಲ್ಪ ದೂರ ಹಿಡಿದು ಗ್ರೀಕ್‌ನಲ್ಲಿ ಮಾತಾಡಿದಳು. ಒಳಗಿನಿಂದ ಇನ್ನೊಂದು ದನಿ ಕೇಳಿತು. ವಯಸ್ಸಾದ, ಸಮಾಧಾನದ ದನಿ. ರೋಗಿಯ ದನಿ ನಾನು ಕೇಳಬಾರದು ಎಂಬುದೂ ಒಂದು ನಿಯಮ. ಆದರೂ ನಾನು ಫೋನ್ ಇಡಲಿಲ್ಲ.

ನರ್ಸ್ ವಾಪಸ್ ಬಂದಳು. "ಹಡಗು ನಿಂತಿದ್ರೆ, ಗಾಳಿ ಇಳಿಯೋವರೆಗೆ ಅಥೆನ್ಸ್‌ನಲ್ಲಿ ಅವಳಿಗೋಸ್ಕರ ಕಾಯ್ತಾರಾ ಅಂತ ಕೇಳ್ತಿದ್ದಾಳೆ."

"ಇಲ್ಲ," ಅಂದೆ. "ಡೋಸಿನ ದಿನ ದಾಟಿದರೆ ಕಾಯುವುದಿಲ್ಲ."

ಆಕೆ ಅದನ್ನು ಒಂದೇ ಪದದಲ್ಲಿ ಹೇಳಿದಳು. ಒಳಗಿನ ದನಿ ಮತ್ತೆ ಏನೋ ಅಂದಿತು, ಈ ಸಲ ತುಸು ಉದ್ದ.

"ಏನಂತೆ?" ಎಂದೆ.

"ಮೊದಲೇ ಗೊತ್ತಿದ್ರೆ ಆ ದಿನ ಕಾರಿನಲ್ಲಿ ಅರ್ಧ ಮಾತ್ರ ಚುಚ್ಚಿಸ್ಕೊಂಡು, ಅರ್ಧ ಮುಂದಿನ ಸಲಕ್ಕೆ ಎತ್ತಿಡ್ತಿದ್ದೆ ಅಂತಿದ್ದಾಳೆ."

ಬಿಚ್ಚಿದ ಸಿರಿಂಜ್‌ನ ಔಷಧ ಮುಂದಿನ ಸಲದವರೆಗೆ ಉಳಿಯುವುದಿಲ್ಲ. ಅದನ್ನು ಹೇಳಲು ಬಾಯಿ ತೆರೆದೆ.

"ಹಾಗೆ ಮಾಡೋಕಾಗಲ್ಲ ಅಂತ ನಾನು ಅವಳಿಗೆ ಹೇಳ್ತೀನಿ," ಅಂದಳು ನರ್ಸ್. "ನೀವು ಫೋನ್ ಇಡಿ."